ಗೊಬ್ಬರಕ್ಕಿಂತ ಮೊದಲು ಕಣಿ: ಮರ ನೋಡಿ ಮಣ್ಣಿನ ನೀರು ತಿಳಿಯುವ ಬಗೆ

ಎಷ್ಟೋ ತೋಟಗಳಲ್ಲಿ ಒಂದು ಮೂಲೆ ಯಾವಾಗಲೂ ಸೊರಗಿಕೊಂಡೇ ಇರುತ್ತದೆ. ಒಂದೇ ದಿನ ನೆಟ್ಟ ಸಸಿ, ಒಂದೇ ಗೊಬ್ಬರ, ಒಂದೇ ಪಂಪಿನ ನೀರು. ಮೇಲಿನ ಸಾಲಿನ ಅಡಿಕೆ ಹಿಂಗಾರ ಬಿಟ್ಟಾಗಿರುತ್ತದೆ, ಕೆಳಗಿನ ಸಾಲು ಇನ್ನೂ ಎದೆಯೆತ್ತರಕ್ಕೇ ನಿಂತಿರುತ್ತದೆ. ಆಗ ನಾವು ಮಾಡುವುದೇನು? ಬೀಜ ಸರಿ ಇರಲಿಲ್ಲ ಅನ್ನುತ್ತೇವೆ. ಒಂದು ಬುಟ್ಟಿ ಹಟ್ಟಿಗೊಬ್ಬರ ಜಾಸ್ತಿ ಹಾಕುತ್ತೇವೆ. ಎಲೆ ಬಾಡಿತೆಂದು ನೀರನ್ನೂ ಜಾಸ್ತಿ ಬಿಡುತ್ತೇವೆ. ಬುಡದಲ್ಲಿ ಮೊದಲೇ ನೀರು ನಿಂತಿದ್ದರೆ ಇದಕ್ಕಿಂತ ಕೆಟ್ಟ ಮದ್ದು ಇನ್ನೊಂದಿಲ್ಲ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆಟಿಯಲ್ಲಿ (ಜುಲೈ-ಆಗಸ್ಟ್) ಬೇರು ಮುಳುಗಿಸಿಕೊಂಡ ಮರವೇ ಏಪ್ರಿಲ್‌ನಲ್ಲಿ ನೀರಿಲ್ಲದೆ ಒಣಗುತ್ತದೆ. ಹಾಗಾಗಿ ನಮ್ಮಲ್ಲಿ ಕಣಿ, ಅಂದರೆ ಬಸಿಗಾಲುವೆ, ಬರೀ ನೀರು ಹೊರಗೆ ಹಾಕುವ ಕೆಲಸ ಅಲ್ಲ. ಯಾವ ತಿಂಗಳು ಬಿಡಬೇಕು, ಯಾವ ತಿಂಗಳು ಹಿಡಿಯಬೇಕು ಅನ್ನುವುದೂ ಅದರಲ್ಲಿ ಸೇರಿದೆ.

ಬೇರಿಗೆ ಆಗುವುದೇನು

ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಇರಬೇಕು. ಸಂದು ಪೂರ್ತಿ ನೀರಾದರೆ ಗಾಳಿಗೆ ಜಾಗವಿಲ್ಲ. ಆಮ್ಲಜನಕ ನೀರಿನೊಳಗೆ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಬೇರಿಗೆ ಉಸಿರು ಕಟ್ಟುತ್ತದೆ. ಮೊದಲು ಹೋಗುವುದು ತುದಿಯ ಎಳೆ ಬೇರುಗಳು, ನೀರು ಹೀರುವುದು ಅವೇ. ಅವು ಕೊಳೆತ ಮೇಲೆ ಮರ ನೀರಿನ ನಡುವೆಯೇ ನಿಂತು ಬಾಡುತ್ತದೆ. ಹಾಕಿದ ಯೂರಿಯಾದ ಸಾರಜನಕದಲ್ಲೂ ಒಂದು ಪಾಲು, ಗಾಳಿಯಿಲ್ಲದ ಮಣ್ಣಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಅನಿಲವಾಗಿ ಹಾರಿಹೋಗುತ್ತದೆ. ಗೊಬ್ಬರದ ದುಡ್ಡು ಆಕಾಶಕ್ಕೆ.

ಇದು ನಮ್ಮ ಊರಿನ ಕತೆ ಮಾತ್ರ ಅಲ್ಲ. ಇದನ್ನು ಕಣ್ಣಿಗೆ ಹೊಡೆಯುವಂತೆ ತೋರಿಸುವುದು ಉತ್ತರ ಧ್ರುವದ ಕೆಳಗೆ ಕೆನಡಾ, ಅಲಾಸ್ಕಾ, ಫಿನ್‌ಲ್ಯಾಂಡ್, ರಷ್ಯಾಗಳ ಉದ್ದಕ್ಕೂ ಹಬ್ಬಿದ ಸೂಚಿಪರ್ಣಿ ಕಾಡು. ಕೆನಡಾದಲ್ಲಿ ನೀರು ಬೇಗ ಇಳಿಯುವ ಮರಳು ದಿಬ್ಬದಲ್ಲಿ ಜಾಕ್ ಪೈನ್ ಬೆಳೆಯುತ್ತದೆ. ಇಳಿಜಾರಿನ ಒಳ್ಳೆಯ ಮಣ್ಣಿನಲ್ಲಿ ಬಿಳಿ ಸ್ಪ್ರೂಸ್ ಎತ್ತರಕ್ಕೆ ಏಳುತ್ತದೆ. ತಗ್ಗಿನ ಜೌಗಿನಲ್ಲಿ ಉಳಿಯುವುದು ಹೆಚ್ಚಾಗಿ ಕಪ್ಪು ಸ್ಪ್ರೂಸ್, ಅದೂ ಕುಳ್ಳಗೆ. ಅಲ್ಲಿ ನೂರು ವರ್ಷದ ಮರದ ಕಾಂಡ ನಮ್ಮ ಮುಂಗೈ ದಪ್ಪಕ್ಕೆ ನಿಂತಿರುವುದುಂಟು. ಬೀಜ ಕೆಟ್ಟದ್ದಲ್ಲ. ಅದೇ ಜಾತಿ ನೀರು ಬಸಿಯುವ ಜಾಗದಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ. ಜೌಗಿನಲ್ಲಿ ಅದರ ಬೇರು ಮೇಲ್ಪದರ ಬಿಟ್ಟು ಇಳಿಯಲಾರದು. ಹಾಗಾಗಿ ಜೋರು ಗಾಳಿಗೆ ಬುಡಸಮೇತ ಮಗುಚುತ್ತದೆ. ನಮ್ಮ ಬೈಲಿನ ತೋಟದಲ್ಲಿ ಜುಲೈ ಗಾಳಿಗೆ ಬೀಳುವ ಮರದ ಬುಡ ನೋಡಿ, ಬೇರು ತಟ್ಟೆಯ ಹಾಗೆ ಚಪ್ಪಟೆಯಾಗಿ ಎದ್ದುಬಂದಿರುತ್ತದೆ. ಕಾರಣ ಒಂದೇ.

ಮೊದಲು: ನಿಮ್ಮದು ಬೆಟ್ಟೋ, ಮಜಲೋ, ಬೈಲೋ

ಹಿರಿಯರು ಜಮೀನನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ಮಾಡಿದ್ದರು. ಮೇಲಿಂದ ಕೆಳಕ್ಕೆ ನೀರು ನಿಲ್ಲುವ ಲೆಕ್ಕ ಅದು. ಈಗ ಜೆಸಿಬಿ ಬಂದು ಮಟ್ಟ ಮಾಡಿದ ಮೇಲೆ ಮೂರೂ ಒಂದೇ ಥರ ಕಾಣುತ್ತವೆ. ಮೇಲ್ಮೈ ಮಟ್ಟ ಆದರೂ ಒಳಗಿನ ಮಣ್ಣು ಹಾಗೆಯೇ ಇರುತ್ತದೆ. ಮೊದಲು ಗದ್ದೆಯಾಗಿದ್ದ ಜಾಗದಲ್ಲಿ ಉಳುಮೆಯ ತಳಕ್ಕೆ ಗಟ್ಟಿಯಾದ ಜೇಡಿಪದರ ಕೂತಿರುತ್ತದೆ. ಭತ್ತಕ್ಕೆ ನೀರು ನಿಲ್ಲಲಿ ಎಂದು ತಲೆಮಾರುಗಟ್ಟಲೆ ಕೆಸರು ತುಳಿದು ಮಾಡಿದ್ದು. ಅಡಿಕೆಗೆ ಅದೇ ಶತ್ರು. ಹಾಗಾಗಿ ಜಾಗ ಹೊಸತಾಗಿ ಕೊಂಡವರು ಮೊದಲು ನೆರೆಮನೆಯ ಅಜ್ಜನ ಹತ್ತಿರ ಕೇಳಿ: ಇಲ್ಲಿ ಮೊದಲು ಏನಿತ್ತು?

ಕೇಳಲು ಇನ್ನೊಂದು ಕಾರಣವೂ ಇದೆ. ಕೇರಳದಲ್ಲಿ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣೆಗೆ 2008ರ ಕಾನೂನು ಇದೆ. ಡೇಟಾ ಬ್ಯಾಂಕಿನಲ್ಲಿ (ಗದ್ದೆಗಳ ಸರಕಾರಿ ಪಟ್ಟಿಯಲ್ಲಿ) ಗದ್ದೆ ಎಂದು ಸೇರಿದ ಜಾಗಕ್ಕೆ ಮಣ್ಣು ತುಂಬುವುದು, ರೂಪ ಬದಲಿಸುವುದು ಅನುಮತಿ ಇಲ್ಲದೆ ಆಗುವುದಿಲ್ಲ. ಹಾರೆ ಎತ್ತುವ ಮೊದಲು ಕೃಷಿಭವನದಲ್ಲಿ ವಿಚಾರಿಸಿಕೊಳ್ಳಿ.

ಗುಡ್ಡದ ಬುಡದವರಿಗೆ ಇನ್ನೊಂದು ಸಂಗತಿ. ಮಳೆನೀರು ಮುರಕಲ್ಲಿನ (ಕೆಂಪುಕಲ್ಲಿನ) ತೂತುಗಳಲ್ಲಿ ಸಲೀಸಾಗಿ ಇಳಿಯುತ್ತದೆ. ಅದರಡಿಯ ಸೇಡಿಮಣ್ಣು, ಅಂದರೆ ನುಣುಪು ಜೇಡಿ, ಸಿಕ್ಕಾಗ ತಡೆದು ಅಡ್ಡಕ್ಕೆ ಹರಿಯುತ್ತದೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗಗಳಿಗೆ ನೀರು ಸಿಗುವುದೂ, ಗುಡ್ಡದ ಬುಡದಲ್ಲಿ ಒರತೆ ಏಳುವುದೂ ಹೀಗೆಯೇ. ನಿಮ್ಮ ತೋಟಕ್ಕೆ ಬಿದ್ದ ಮಳೆ ಮಾತ್ರ ಅಲ್ಲ, ಮೇಲಿನ ಗುಡ್ಡಕ್ಕೆ ಬಿದ್ದ ಮಳೆಯೂ ಒಳದಾರಿಯಲ್ಲಿ ನಿಮ್ಮ ಅಡಿಕೆ ಬುಡಕ್ಕೇ ಬರುತ್ತದೆ. ಮಳೆ ನಿಂತು ವಾರವಾದರೂ ಕಣಿಯಲ್ಲಿ ತಿಳಿನೀರು ಹರಿಯುತ್ತಿದ್ದರೆ ಅದು ಒರತೆ ನೀರು ಅಂದುಕೊಳ್ಳಬಹುದು.

ಎರಡನೆಯದು: ಇದ್ದ ಮರಗಳನ್ನು ಓದಿ

ಅಡಿಕೆ ಮರಕ್ಕೆ ಸಾಗುವಾನಿಯ ಹಾಗೆ ಒಳಗೆ ವರ್ಷದ ಉಂಗುರ ಇಲ್ಲ. ಆದರೆ ಅದರ ಚರಿತ್ರೆ ಹೊರಗೇ ಬರೆದಿರುತ್ತದೆ. ಹಾಳೆ ಕಳಚಿ ಬಿದ್ದಲ್ಲೆಲ್ಲ ಒಂದು ಗಂಟು ಉಳಿಯುತ್ತದೆ. ಬೆಳೆದ ಮರ ವರ್ಷಕ್ಕೆ ಆರೇಳು ಸೋಗೆ ಬಿಡುತ್ತದೆ, ಅಂದರೆ ಆರೇಳು ಗಂಟು ಸೇರಿದರೆ ಹೆಚ್ಚುಕಡಿಮೆ ಒಂದು ವರ್ಷ. ಒಂದು ಸ್ಕೇಲು ಹಿಡಿದು ಬುಡದಿಂದ ಮೇಲಕ್ಕೆ ಗಂಟುಗಳ ಅಂತರ ನೋಡುತ್ತಾ ಹೋಗಿ. ಅಂತರ ಒಮ್ಮೆಲೇ ಕಿರಿದಾದ ಕಡೆ ಮರಕ್ಕೆ ಏನೋ ಆಗಿದೆ. ಅಲ್ಲಿಂದ ತುದಿಯವರೆಗೆ ಗಂಟು ಎಣಿಸಿ ಆರೋ ಏಳೋ ಲೆಕ್ಕದಲ್ಲಿ ಭಾಗಿಸಿದರೆ ಎಷ್ಟು ವರ್ಷದ ಹಿಂದೆ ಎಂದು ಅಂದಾಜು ಸಿಗುತ್ತದೆ. ಆ ವರ್ಷ ಮೇಲಿನ ಜಾಗದವರು ರಸ್ತೆ ಮಾಡಿದ್ದರೇ? ತೋಡಿಗೆ (ಹಳ್ಳಕ್ಕೆ) ಮೋರಿ ಹಾಕಿ ನೀರು ಕಟ್ಟಿಕೊಂಡಿತ್ತೇ? ಬರ ಬಿದ್ದಿತ್ತೇ? ಬರವಾದರೆ ಇಡೀ ತೋಟದಲ್ಲಿ ಒಂದೇ ಎತ್ತರದಲ್ಲಿ ಗಂಟು ಒತ್ತೊತ್ತಾಗಿರುತ್ತದೆ. ನೀರು ನಿಂತದ್ದಾದರೆ ತಗ್ಗಿನ ಮರಗಳಲ್ಲಿ ಮಾತ್ರ.

ತಾಳೆ ಜಾತಿಯ ಮರಗಳ ಇನ್ನೊಂದು ಗುಣವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಷ್ಟಕಾಲದಲ್ಲಿ ಸಣ್ಣಗಾದ ಕಾಂಡ ಆಮೇಲೆ ದಪ್ಪವಾಗುವುದಿಲ್ಲ. ಮಧ್ಯದಲ್ಲಿ ಸೊಂಟ ಸಣ್ಣಗಾಗಿ ಮೇಲೆ ಮತ್ತೆ ದಪ್ಪವಾದ ಮರ ಕಂಡರೆ, ಕಷ್ಟ ಬಂದು ಹೋಗಿದೆ ಎಂದರ್ಥ. ಮೇಲೆ ಹೋದಂತೆ ಸಣ್ಣಗಾಗುತ್ತಲೇ ಇದ್ದರೆ ಕಷ್ಟ ಇನ್ನೂ ಮುಗಿದಿಲ್ಲ.

ಒಂದು ಎಚ್ಚರಿಕೆ. ಒತ್ತಾಗಿ ನೆಟ್ಟ, ಬಿಸಿಲು ಸಾಲದ ತೋಟದಲ್ಲಿ ಅಡಿಕೆ ಬೆಳಕು ಹುಡುಕಿಕೊಂಡು ಉದ್ದಕ್ಕೆ ಓಡುತ್ತದೆ, ಗಂಟಿನ ಅಂತರ ಸುಮ್ನೆ ಜಾಸ್ತಿ ಕಾಣುತ್ತದೆ. ಒಂದೇ ಪ್ರಾಯದ, ಒಂದೇ ಬೆಳಕಿನ ಮರಗಳನ್ನೇ ಹೋಲಿಸಿ.

ಹಳದಿ ಎಲೆ ಕಂಡ ಕೂಡಲೇ ಹಳದಿ ಎಲೆ ರೋಗ ಎಂದು ತೀರ್ಮಾನಿಸಬೇಡಿ. ರೋಗವಾದರೆ ಸೋಗೆಯ ಗರಿಗಳು ತುದಿಯಿಂದ ಹಳದಿಯಾಗುತ್ತಾ ಬರುತ್ತವೆ, ನಡುನರದ ಪಕ್ಕ ಹಸಿರು ಪಟ್ಟಿ ಉಳಿಯುತ್ತದೆ, ಅಡಿಕೆ ಒಡೆದರೆ ಒಳಗಿನ ತಿರುಳು ಮೆತ್ತಗಾಗಿ ಕಪ್ಪಾಗಿರುವುದುಂಟು. ನೀರು ನಿಂತ ಹಳದಿ ತಗ್ಗಿನ ಆಕಾರವನ್ನೇ ಹಿಡಿದು ಹರಡುತ್ತದೆ. ದಿಬ್ಬಕ್ಕೆ ಬಂದಲ್ಲಿ ನಿಲ್ಲುತ್ತದೆ. ಎರಡೂ ಒಟ್ಟಿಗೆ ಇರಬಾರದೆಂದೇನೂ ಇಲ್ಲ. ನೀರು ಬಸಿಯದ ತೋಟದಲ್ಲಿ ರೋಗದ ಹೊಡೆತವೂ ಜೋರು. ಸಂಶಯ ಇದ್ದರೆ ಕೂಡ್ಲಿನ ಸಿಪಿಸಿಆರ್‌ಐಗೆ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ) ತೋರಿಸಿ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ ಅದು. ವಿಟ್ಲದ ಕಡೆಯವರಿಗೆ ಅಲ್ಲಿಯೇ ಅದರ ಕೇಂದ್ರವಿದೆ.

ಬೇರೆ ಮರಗಳೂ ಹೇಳುತ್ತವೆ. ಹಲಸು, ಗೇರು ನೀರು ನಿಲ್ಲುವುದನ್ನು ಸಹಿಸುವುದಿಲ್ಲ. ಹಳೆಯ ದೊಡ್ಡ ಹಲಸು ನಿಂತ ಜಾಗವೆಂದರೆ ಆಳದವರೆಗೆ ಗಾಳಿಯಾಡುವ ಮಣ್ಣು. ಸಾಗುವಾನಿ ಕುಳ್ಳಗೆ, ಸೊಟ್ಟಗೆ ನಿಂತಿದ್ದರೆ ಕೆಳಗೆ ಗಟ್ಟಿ ಮುರ ಅಥವಾ ನೀರು ಇರುವ ಸಾಧ್ಯತೆ ಹೆಚ್ಚು. ಕಾಳುಮೆಣಸಿನ ಬಳ್ಳಿ ಮಳೆಗಾಲದಲ್ಲಿ ಹಠಾತ್ತಾಗಿ ಸೊರಗುವುದು ಪದೇ ಪದೇ ಅದೇ ಸಾಲಿನಲ್ಲಾದರೆ, ಬೋರ್ಡೋ ದ್ರಾವಣ ಹೊಡೆಯುವುದರ ಜೊತೆಗೆ ಕಣಿಯನ್ನೂ ನೋಡಿ.

ಮೂರನೆಯದು: ಕಳೆ ನೋಡಿ

ಫಿನ್‌ಲ್ಯಾಂಡಿನ ಅರಣ್ಯ ವಿಜ್ಞಾನಿ ಎ. ಕೆ. ಕಾಯಾಂಡರ್ 1909ರಲ್ಲಿ ಒಂದು ಪದ್ಧತಿ ಮುಂದಿಟ್ಟರು. ಮರ ನೋಡಿ ಮಾತ್ರ ಕಾಡಿನ ಶಕ್ತಿ ಅಳೆಯಬೇಡಿ, ನೆಲದ ಮೇಲಿನ ಸಣ್ಣ ಗಿಡ, ಪಾಚಿ ನೋಡಿ ವರ್ಗ ಮಾಡಿ ಎನ್ನುವುದು ಅದರ ಸಾರ. ಮರ ಕಡಿದುಹೋದರೂ ನೆಲದ ಗಿಡ ಮಣ್ಣಿನ ಗುಣ ಹೇಳುತ್ತದೆ. (ಈ ಮನುಷ್ಯ ಮುಂದೆ ಆ ದೇಶದ ಪ್ರಧಾನಿಯೂ ಆದರು. ಕಳೆ ನೋಡುವುದು ಕೆಲಸವಿಲ್ಲದವರ ಕೆಲಸ ಅನ್ನುವವರಿಗೆ ಹೇಳಬಹುದು.)

ನಮ್ಮಲ್ಲಿ ಒಂದೆಲಗ ಹಾಸಿದ ಹಾಗೆ ಹಬ್ಬಿದ್ದರೆ ಮಣ್ಣು ಬಹುಕಾಲ ಒದ್ದೆ ಇರುತ್ತದೆ. ತಂಬುಳಿಗೆ ಒಳ್ಳೆಯದು, ಅಡಿಕೆ ಬುಡಕ್ಕೆ ಒಳ್ಳೆಯ ಸುದ್ದಿ ಅಲ್ಲ. ಜೇಕು, ಕಾಡು ಕೆಸು, ಬಜೆ ತಾವಾಗಿ ಬಂದಿದ್ದರೆ ನೀರು ಮೇಲೆಯೇ ಇದೆ. ಕಮ್ಯೂನಿಸ್ಟ್ ಗಿಡ ಒತ್ತಾಗಿ ಬೆಳೆದ ಜಾಗದಲ್ಲಿ ನೀರು ಚೆನ್ನಾಗಿ ಇಳಿಯುತ್ತದೆ. ಮುಳಿಹುಲ್ಲು, ಕೇಪುಳ ಮಾತ್ರ ಇರುವ ಗುಡ್ಡೆಯಲ್ಲಿ ಮಣ್ಣು ತೆಳು, ಬೇಸಿಗೆಯಲ್ಲಿ ಕೆಂಡ.

ಮುರಪಾರೆಯ ಮೇಲೆ ಸೋಣ ತಿಂಗಳಲ್ಲಿ ನೀಲಿ ಹೂವಿನ ಹಾಸು ಬರುತ್ತದಲ್ಲ, ಮಲಯಾಳದವರು ಓಣಂ ಪೂಕ್ಕಳಕ್ಕೆ ಕೊಯ್ಯುವ ಕಾಕ್ಕಪ್ಪೂ? ಅದು ನೀರಿನ ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡ. ಅದರ ಜೊತೆ ಅಂಟುಹನಿಯ ಕೆಂಪು ಡ್ರೊಸೆರಾವೂ ಸಿಗುತ್ತದೆ. ನೀರು ನಿಂತ, ಸಾರವಿಲ್ಲದ ಮಣ್ಣಿನಲ್ಲಿ ಸಾರಜನಕ ಸಿಗದೆ ಇವು ಬೇಟೆಗಿಳಿದಿವೆ. ಇವುಗಳ ದಾಯಾದಿಗಳು ಆ ಉತ್ತರದ ಜೌಗಿನಲ್ಲೂ ಇವೆ, ಅದೇ ಕಾರಣಕ್ಕೆ. ಈ ಹೂ ಅರಳುವ ಕಡೆ ಗುಂಡಿ ತೋಡಿ ಗೇರು ನೆಡುವುದು ವ್ಯರ್ಥ. ಪಾರೆಯನ್ನು ಅದರ ಪಾಡಿಗೆ ಬಿಡಿ.

ನಾಲ್ಕನೆಯದು: ಒಂದು ಮೀಟರ್ ಅಗೆಯಿರಿ

ತಗ್ಗಿನಲ್ಲೊಂದು, ಎತ್ತರದಲ್ಲೊಂದು ಗುಂಡಿ. ಗೋಡೆಯನ್ನು ಹಾರೆಯಿಂದ ಹೊಸದಾಗಿ ಕೆತ್ತಿ ಬಣ್ಣ ನೋಡಿ. ಕೆಂಪು, ಕಂದು ಇದ್ದರೆ ಕಬ್ಬಿಣಕ್ಕೆ ಗಾಳಿ ಸಿಕ್ಕಿದೆ. ಬೂದು ಅಥವಾ ನೀಲಿ ಛಾಯೆ ಇದ್ದರೆ ಅಲ್ಲಿ ಬಹುಕಾಲ ಗಾಳಿಯಿಲ್ಲ. ಬೂದು ಮಣ್ಣಿನಲ್ಲಿ ತುಕ್ಕಿನ ಬಣ್ಣದ ಗೆರೆ, ಚುಕ್ಕೆ ಇದ್ದರೆ ನೀರು ಏರಿ ಇಳಿದು ಮಾಡುತ್ತದೆ. ಆ ಚುಕ್ಕೆ ಶುರುವಾಗುವ ಆಳವನ್ನು ಅಳೆದಿಡಿ. ಮಳೆಗಾಲದಲ್ಲಿ ನೀರು ಅಲ್ಲಿಯವರೆಗೆ ಏರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬೇರೆ ಪರೀಕ್ಷೆ ಬೇಡ.

ಇಲ್ಲಿ ನಮ್ಮ ಜಿಲ್ಲೆಯ ಮಣ್ಣು ಒಂದು ಮೋಸ ಮಾಡುತ್ತದೆ. ಮುರದ ಕೆಳಗಿನ ಸೇಡಿಮಣ್ಣೇ ಕೆಂಪು, ಹಳದಿ, ಬಿಳಿ ಮಚ್ಚೆಗಳದ್ದು. ಅದು ಬಹಳ ಹಳೆಯ ಕಾಲದ ಬಣ್ಣ, ಈಗಿನ ನೀರಿನ ಗುರುತಲ್ಲ. ಗುರುತಿಸುವ ಉಪಾಯ ಇಷ್ಟು: ಈಗಿನ ನೀರಿನ ತುಕ್ಕು ಮೇಲಿನ ಎರಡು ಅಡಿಯೊಳಗೆ, ಹಳೆಯ ಬೇರಿನ ತೂತುಗಳ ಅಂಚಿಗೆ ಹಿಡಿದಿರುತ್ತದೆ, ಬೆರಳಿಗೆ ಮೆತ್ತುತ್ತದೆ. ಮುರದ ಮಚ್ಚೆ ಗಟ್ಟಿ, ಬೇರಿಗೂ ಅದಕ್ಕೂ ಸಂಬಂಧ ಇರುವುದಿಲ್ಲ.

ಐದನೆಯದು: ನೀರು ಇಳಿಯುವ ವೇಗ

ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ಮಾಡಿ. ನೀರು ತುಂಬಿ ಪೂರ್ತಿ ಇಳಿಯಲು ಬಿಡಿ. ಎರಡನೇ ಸಲ ತುಂಬಿ, ನಡುವೆ ಒಂದು ಕೋಲು ನೆಟ್ಟು ಗಂಟೆಗೆ ಎಷ್ಟು ಇಳಿಯಿತು ನೋಡಿ. ಗಂಟೆಗೆ ಸುಮಾರು ಎರಡೂವರೆಯಿಂದ ಏಳೂವರೆ ಸೆಂಟಿಮೀಟರ್ ಆದರೆ ಹೆಚ್ಚಿನ ಮರಗಳಿಗೆ ಸರಿ. ಅದಕ್ಕಿಂತ ಕಡಿಮೆಯಾದರೆ ಕಣಿ ಬೇಕೇ ಬೇಕು. ಹತ್ತು ಸೆಂಟಿಮೀಟರ್ ದಾಟಿದರೆ ನೀರು ನಿಲ್ಲದ ಮಣ್ಣು, ಅಲ್ಲಿ ಸೊಪ್ಪು, ಹಟ್ಟಿಗೊಬ್ಬರ, ಬುಡಕ್ಕೆ ಮುಚ್ಚಿಗೆ ಜಾಸ್ತಿ ಬೇಕು. ಮೊದಲ ಸಲದ ಲೆಕ್ಕ ಹಿಡಿಯಬೇಡಿ. ಒಣಮಣ್ಣು ಎಲ್ಲವನ್ನೂ ಕುಡಿಯುತ್ತದೆ.

ಆದರೆ ಬೇಸಿಗೆಯ ಈ ಪರೀಕ್ಷೆ ಅರ್ಧ ಸತ್ಯ. ಇನ್ನರ್ಧಕ್ಕೆ ಆಟಿ ಬರಬೇಕು. ಒಂದು ಮೀಟರ್ ಉದ್ದದ ಪಿವಿಸಿ ಪೈಪಿಗೆ ಕೆಳಗಿನ ಅರ್ಧಕ್ಕೆ ತೂತು ಹೊಡೆದು, ಹಳೆ ಸೊಳ್ಳೆಪರದೆಯ ಬಟ್ಟೆ ಸುತ್ತಿ, ತೋಟದ ಮೂರು ನಾಲ್ಕು ಕಡೆ ಹೂತುಬಿಡಿ. ಬಾಯಿಗೆ ಗೆರಟೆ ಮುಚ್ಚಿ. ಮಳೆ ಹೊಳವಾದಾಗ ಕೋಲು ಇಳಿಸಿ ಒದ್ದೆ ಎಲ್ಲಿಯವರೆಗೆ ಎಂದು ನೋಡಿ. ಜೋರು ಮಳೆ ನಿಂತು ಎರಡು ದಿನದ ಮೇಲೂ ನೀರು ನೆಲದಿಂದ ಒಂದೂವರೆ ಅಡಿಯೊಳಗೇ ಇದ್ದರೆ ಅಡಿಕೆ ಬೇರಿಗೆ ಕಷ್ಟ. ಖರ್ಚು ಹೆಚ್ಚಿಲ್ಲ. ಕಣಿ ತೆಗೆದ ಮೇಲೆ ಅದು ಕೆಲಸ ಮಾಡಿತೋ ಇಲ್ಲವೋ ಎಂದು ಹೇಳುವುದೂ ಇದೇ ಪೈಪು.

ಆರನೆಯದು: ಮೊದಲು ಮೇಲೆ ತಡೆಯಿರಿ, ಆಮೇಲೆ ಕೆಳಗೆ ಬಿಡಿ

ಹೆಚ್ಚಿನವರು ನೇರ ತೋಟದೊಳಗೆ ಕಣಿ ತೋಡಲು ಶುರುಮಾಡುತ್ತಾರೆ. ಗುಡ್ಡದ ನೀರು ಬರುವ ತೋಟದಲ್ಲಿ ಅದರಿಂದ ಪೂರ್ತಿ ಪ್ರಯೋಜನ ಇಲ್ಲ. ಮೊದಲು ಗುಡ್ಡ ಮುಗಿದು ತೋಟ ಶುರುವಾಗುವ ಗೆರೆಯಲ್ಲಿ ಅಡ್ಡಕ್ಕೆ ಒಂದು ಅಗಳು (ಆಳದ ಕಣಿ) ತೆಗೆದು, ಒರತೆ ನೀರನ್ನು ಬದಿಯಿಂದ ತೋಡಿಗೆ ತಿರುಗಿಸಿ.

ಇಂಗುಗುಂಡಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ನೀರಿಂಗಿಸುವುದು ಒಳ್ಳೆಯದೇ, ಮದಕ, ಪಳ್ಳ ಎನ್ನುವ ಮಳೆನೀರಿನ ಕೆರೆಗಳ ಊರು ನಮ್ಮದು. ಆದರೆ ಮೊದಲೇ ಒದ್ದೆಯಾದ ತೋಟದ ಸರಿ ತಲೆಯ ಮೇಲೆ, ಕಡಿದಾದ ಇಳಿಜಾರಿನಲ್ಲಿ ಸಾಲಾಗಿ ಇಂಗುಗುಂಡಿ ತೆಗೆದರೆ ಆ ನೀರು ನಿಮ್ಮ ಬೇರಿಗೇ ಬರುತ್ತದೆ. ಇಳಿಜಾರು ಕುಸಿಯುವ ಭಯವೂ ಇದೆ. ಇಂಗಿಸುವುದಾದರೆ ಮೇಲಿನ ಸಮತಟ್ಟಿನಲ್ಲಿ, ಬೆಟ್ಟಿನಲ್ಲಿ.

ಒಳಗಿನ ಕಣಿಗೆ ಬರೋಣ. ಎರಡು ಸಾಲು ಅಡಿಕೆಗೆ ಒಂದು ಕಣಿ. ಆಳ ನೆಟ್ಟ ಗುಂಡಿಯ ತಳಕ್ಕಿಂತ ಒಂದು ಗೇಣು ಕೆಳಗೆ ಇರಬೇಕು. ಇದನ್ನು ಬಿಟ್ಟು ಮೇಲಿಂದ ಒಂದಡಿ ಕೆತ್ತಿದರೆ ಮೇಲೆ ಹರಿಯುವ ನೀರು ಹೋಗುತ್ತದೆ, ಬುಡದ ನೀರು ಅಲ್ಲೇ ಉಳಿಯುತ್ತದೆ. ಗುಂಡಿ ಒಂದು ಹೊಂಡವಾಗಿ ಕೂತುಬಿಡುತ್ತದೆ. ಎಷ್ಟೋ ತೋಟದಲ್ಲಿ ಚೆಂದದ ಕಣಿ ಇದ್ದೂ ಮರ ಸೊರಗುವುದು ಇದಕ್ಕೇ. ಇಳಿಜಾರು ನೂರು ಅಡಿಗೆ ಅರ್ಧದಿಂದ ಒಂದು ಅಡಿ ಸಾಕು. ಜಾಸ್ತಿಯಾದರೆ ಮಣ್ಣು ಕೊಚ್ಚುತ್ತದೆ. ಕಣ್ಣಂದಾಜು ಬೇಡ. ಮೇಸ್ತ್ರಿಗಳ ಟ್ಯೂಬ್ ಲೆವೆಲ್ ತಂದು ಹಿಡಿಯಿರಿ. ಕೆಲಸ ಯಾವಾಗಲೂ ಕೆಳಗಿನ ತುದಿಯಿಂದ ಶುರುಮಾಡಿ, ತೋಡಿನ ನೀರಿನ ಮಟ್ಟಕ್ಕಿಂತ ನಿಮ್ಮ ಕಣಿಯ ಬಾಯಿ ಮೇಲಿದೆಯೇ ಎಂದು ಮೊದಲು ನೋಡಿ. ತೋಡೇ ಮೇಲಿದ್ದರೆ ಮಳೆಗಾಲದಲ್ಲಿ ನೀರು ಹಿಂದಕ್ಕೆ ಬರುತ್ತದೆ. ಅಲ್ಲಿ ಕಣಿಗಿಂತ ದಿಂಡು ಏರಿಸಿ ನೆಡುವುದೇ ಸರಿ.

ಕೆಳಗಿನ ತೋಟದವರಿಗೆ ಮೊದಲೇ ಹೇಳಿ. "ಭಾವಾ, ಕಣಿ ನಿಮ್ಮ ಬೇಲಿ ಬದಿಯಿಂದ ತೋಡಿಗೆ ಬಿಡುವಾ ಅಂತಿದ್ದೇವೆ, ಒಮ್ಮೆ ಬಂದು ನೋಡಿ ಹೋಗಿ" ಅಂದರೆ ಮುಗಿಯುವ ವಿಷಯ, ಹೇಳದಿದ್ದರೆ ಪಂಚಾಯತಿಗೆ ಹೋಗುತ್ತದೆ.

ಪ್ರತಿವರ್ಷ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಕಣಿಯ ಹೂಳು ತೆಗೆದಿರಬೇಕು. ತೆಗೆದ ಹೂಳನ್ನು ಬುಡಕ್ಕೆ ತೆಳ್ಳಗೆ ಹರಡಿ, ಅದರಲ್ಲೇ ಸಾಕಷ್ಟು ಸಾರ ಇದೆ.

ಏಳನೆಯದು: ಜಾಗಕ್ಕೆ ತಕ್ಕ ಗುಂಡಿ

ನೀರು ಚೆನ್ನಾಗಿ ಬಸಿಯುವ ಮಜಲಿನಲ್ಲಿ ಅಡಿಕೆಗೆ 90 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿ. ಬೈಲಿನ ಜೇಡಿಯಲ್ಲಿ ಅಷ್ಟು ಆಳ ಬೇಡ, 60 ಸಾಕು. ತೆಂಗಿಗೆ ಮುರದ ಗುಡ್ಡದಲ್ಲಿ 1.2 ಮೀಟರಿನ ಗುಂಡಿ ತೆಗೆದು, ನೆಡುವ ಆರು ತಿಂಗಳು ಮೊದಲೇ ತಳಕ್ಕೆ ಎರಡು ಕಿಲೋ ಉಪ್ಪು ಹಾಕಿದರೆ ಮುರ ಮೆತ್ತಗಾಗುತ್ತದೆ. ಆಮೇಲೆ ತಳದಲ್ಲಿ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗಿ ಎರಡು ಪದರ ಜೋಡಿಸಿ. ಬೇಸಿಗೆಗೆ ಅದು ತೇವ ಹಿಡಿದಿಡುತ್ತದೆ. ಇದೇ ಸಿಪ್ಪೆಯನ್ನು ನೀರು ನಿಲ್ಲುವ ಬೈಲಿನ ಗುಂಡಿಗೆ ಹಾಕಬೇಡಿ.

ಎಷ್ಟು ಕಣಿ ತೆಗೆದರೂ ಒಣಗದ ಜಾಗವೊಂದು ಇದ್ದೇ ಇರುತ್ತದೆ. ಅದನ್ನು ಬಿಟ್ಟುಬಿಡಿ ಎನ್ನುವುದು ನನ್ನ ಅಭಿಪ್ರಾಯ. ಫಿನ್‌ಲ್ಯಾಂಡಿನವರು ತಮ್ಮ ಜೌಗಿನ ಸುಮಾರು ಅರ್ಧದಷ್ಟನ್ನು ಮರ ಬೆಳೆಸಲೆಂದೇ ಕಾಲುವೆ ತೋಡಿ ಬಸಿದರು. ಮರವೇನೋ ಬೆಳೆಯಿತು. ಆದರೆ ಕೆಳಗಿನ ಹೊಳೆ, ಸರೋವರಗಳಿಗೆ ಕಂದು ನೀರು ಇಳಿಯಿತು, ಒಣಗಿದ ಜೌಗುಮಣ್ಣು ಇಂಗಾಲ ಬಿಡಲು ಶುರುವಾಯಿತು. ಈಗ ಎಷ್ಟೋ ಕಡೆ ಅದೇ ಕಾಲುವೆಗಳನ್ನು ಮುಚ್ಚುತ್ತಿದ್ದಾರೆ. ನಮ್ಮ ಒದ್ದೆ ಮೂಲೆಯಲ್ಲಿ ಹೊಂಗೆ, ಸುರಹೊನ್ನೆ, ಮುಂಡುಕ ಬೆಳೆಯಲಿ. ನೀರಲ್ಲೇ ಬದುಕಲು ಕಲಿತ ಮರಗಳೂ ಇವೆ. ಉತ್ತರ ಕನ್ನಡದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ (ಜೌಗು ಕಾಡಿನಲ್ಲಿ) ಬೇರುಗಳು ಮಂಡಿ ಮಡಿಸಿದ ಹಾಗೆ ನೆಲದಿಂದ ಮೇಲೆದ್ದು ಉಸಿರಾಡುತ್ತವೆ. ಅಡಿಕೆಗೆ ಆ ವಿದ್ಯೆ ಬರುವುದಿಲ್ಲ.

ಕೊನೆಯದು: ಕಣಿ ಮುಚ್ಚುವ ಕಾಲ

ಮಳೆ ಹಿಂದೆ ಸರಿದ ಮೇಲೆ ಕಣಿಯನ್ನು ಹಾಗೆಯೇ ತೆರೆದಿಟ್ಟರೆ ಬೇಕಾದ ನೀರೂ ಹೋಗುತ್ತದೆ. ನವೆಂಬರ್ ಹೊತ್ತಿಗೆ, ಪೈಪಿನಲ್ಲಿ ನೀರು ಮೂರು ಅಡಿಗಿಂತ ಕೆಳಗಿಳಿದದ್ದು ಕಂಡ ಮೇಲೆ, ದೊಡ್ಡ ಕಣಿಗೆ ಅಲ್ಲಲ್ಲಿ ಅಡಿಕೆ ಮರ ಸೀಳಿದ ಪಟ್ಟಿ, ಮಣ್ಣಿನ ಚೀಲ ಇಟ್ಟು ತಡೆ ಮಾಡಿ. ಏತಡ್ಕದ ಕಡೆ ತೋಡಿಗೆ ಊರವರು ಸೇರಿ ಕಟ್ಟ ಕಟ್ಟುವುದೂ ಈ ಲೆಕ್ಕದ್ದೇ, ಮಳೆ ಮುಗಿದ ಮೇಲೆ ಹರಿಯುವ ನೀರನ್ನು ನಿಲ್ಲಿಸಿ ಸುತ್ತಲಿನ ಬಾವಿ, ಸುರಂಗಗಳಿಗೆ ಉಳಿಸುವುದು. ತಡೆ ಇಟ್ಟ ಮೇಲೆ ವಾರಕ್ಕೊಮ್ಮೆ ಪೈಪು ನೋಡಿ. ನೀರು ಎರಡು ಅಡಿಗಿಂತ ಮೇಲೆ ಬಂದರೆ ಒಂದು ಚೀಲ ತೆಗೆಯಿರಿ. ಡಿಸೆಂಬರ್‌ನಲ್ಲಿ ಅಕಾಲ ಮಳೆ ಬಂದು ಕಣಿ ತುಂಬಿದರೂ ಅಷ್ಟೇ, ಅಂದೇ ತೆಗೆದು ಎರಡು ದಿನ ಬಿಟ್ಟು ಮತ್ತೆ ಇಡಿ.